ದಾವಣಗೆರೆಯಲ್ಲಿ ಪೇಪರ್, ಕೇಬಲ್, ಡಿಶ್: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ?

ದಾವಣಗೆರೆಯಲ್ಲಿ ಹೊಸದಾಗಿ ಮನೆ ಮಾಡಿದವರು ಕೇಳುವ ಪ್ರಶ್ನೆ ಎರಡು. ಯಾವ ಪೇಪರ್ ಹಾಕಿಸಲಿ? ಕೇಬಲ್ ತಗೊಳ್ಳಲೋ, ಡಿಶ್ ಕೂರಿಸಲೋ? ಕಂಪನಿ ಹೆಸರು ಹೇಳಿ ಕೈತೊಳೆದುಕೊಳ್ಳಬಹುದು, ಆದರೆ ಅದರಿಂದ ಕೇಳಿದವರಿಗೆ ಉಪಯೋಗವಿಲ್ಲ. ಪಿ.ಜೆ. ಬಡಾವಣೆಯಲ್ಲಿ ಬೆಳಿಗ್ಗೆ ಆರಕ್ಕೆ ಬಾಗಿಲಿಗೆ ಬೀಳುವ ಪತ್ರಿಕೆಯೇ ಊರಂಚಿನ ಹೊಸ ಲೇಔಟಿನಲ್ಲಿ ಏಳೂವರೆಯಾದರೂ ಬಂದಿರುವುದಿಲ್ಲ. ಒಂದೇ ಕೇಬಲ್ ಕಂಪನಿಯ ಸಿಗ್ನಲ್ ಈ ಓಣಿಯಲ್ಲಿ ಗಾಜಿನಂತಿದ್ದರೆ ಪಕ್ಕದ ಓಣಿಯಲ್ಲಿ ಚೂರುಚೂರಾಗಿರುತ್ತದೆ. ನಿಮ್ಮ ಓಣಿಗೆ ಪೇಪರ್, ಕೇಬಲ್ ತಲುಪಿಸುವ ಲೈನ್ ಯಾರ ಕೈಲಿದೆ, ಆ ಲೈನಿನಲ್ಲಿ ಅವರಿಗೆ ಎಷ್ಟು ಉಳಿಯುತ್ತದೆ, ಅಷ್ಟರ ಮೇಲೆ ಸೇವೆ ನಿಂತಿದೆ. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಅಂಗಡಿಯದ್ದಲ್ಲ, ದುಡ್ಡು ಹೋಗುವ ದಾರಿಯದ್ದು.

ಮೊದಲು ಪೇಪರ್.

ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಅರ್ಧ ನಿರ್ಧರಿಸುವುದು ಅಚ್ಚಾಗುವ ಊರು. ಬೆಂಗಳೂರು ಇಲ್ಲಿಗೆ ಸುಮಾರು 260 ಕಿ.ಮೀ., ಹುಬ್ಬಳ್ಳಿ ಸುಮಾರು 145. ಹೆದ್ದಾರಿ ಎಷ್ಟೇ ಚೆನ್ನಾಗಿದ್ದರೂ ಬೆಂಗಳೂರು ಬಿಟ್ಟ ವ್ಯಾನಿಗೆ ನಾಲ್ಕು ತಾಸಾದರೂ ಬೇಕು. ದೂರದಲ್ಲಿ ಅಚ್ಚಾಗುವ ಆವೃತ್ತಿಯ ಪುಟಗಳನ್ನು ಅದಕ್ಕೇ ರಾತ್ರಿ ಬೇಗ ಮುಚ್ಚುತ್ತಾರೆ. ತಡರಾತ್ರಿ ಮುಗಿದ ಕ್ರಿಕೆಟ್ ಪಂದ್ಯದ ಫಲಿತಾಂಶ ನಿಮ್ಮ ಪ್ರತಿಯಲ್ಲಿ ಇಲ್ಲ, ಬೆಂಗಳೂರಿನ ನೆಂಟರ ಪ್ರತಿಯಲ್ಲಿ ಇದೆ ಎಂದರೆ ಕಾರಣ ಇಷ್ಟೆ. ನಿಮ್ಮ ಪ್ರತಿ ಎಲ್ಲಿಯದು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಕೊನೆಯ ಪುಟದ ಬುಡದಲ್ಲೋ ಒಳಪುಟದ ಮೂಲೆಯಲ್ಲೋ ತೀರ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಮಾಲೀಕರು, ಮುದ್ರಕರು, ಪ್ರಕಾಶಕರು, ಸಂಪಾದಕರು, ಮುದ್ರಣಾಲಯದ ವಿಳಾಸ. 1867ರ ಕಾಯ್ದೆಯ ಕಾಲದಿಂದ ಈ ಸಾಲು ಕಡ್ಡಾಯ. ಆ ಕಾಯ್ದೆಯ ಜಾಗಕ್ಕೆ ಬಂದ 2023ರ ಪತ್ರಿಕಾ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಪೇಪರ್ ಹಾಕಿಸುವ ಮೊದಲು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನಾಲ್ಕು ಪತ್ರಿಕೆ ಕೊಂಡು ಈ ಸಾಲು ಓದಿ. ಮುದ್ರಣ ಹತ್ತಿರವಾದಷ್ಟೂ ಜಿಲ್ಲಾ ಪುಟದ ಸುದ್ದಿ ಬಿಸಿಯಾಗಿರುತ್ತದೆ. ಜಗಳೂರು, ನ್ಯಾಮತಿ ಕಡೆಯವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ದಾವಣಗೆರೆಗೆ ಬಂದ ಬಂಡಲು ಅಲ್ಲಿಗೆ ತಲುಪಲು ಮತ್ತೊಂದು ಬಸ್ಸೋ ವ್ಯಾನೋ ಬೇಕು.

ಇನ್ನರ್ಧ ಏಜೆಂಟರ ಕೈಲಿದೆ. ಬೆಳಗಿನ ಜಾವ ಬಂಡಲು ಇಳಿದ ಮೇಲೆ ಪುಟ್‌ಪಾತಿನಲ್ಲಿ ಕೂತು ಮುಖ್ಯ ಸಂಚಿಕೆಯೊಳಗೆ ಪುರವಣಿ ತೂರಿಸಬೇಕು, ಪುರವಣಿಯೊಳಗೆ ಕರಪತ್ರ ತೂರಿಸಬೇಕು. ಶನಿವಾರ, ಭಾನುವಾರ ಪೇಪರ್ ತಡವಾಗುವುದಕ್ಕೆ ಹುಡುಗರ ಸೋಮಾರಿತನ ಕಾರಣವಲ್ಲ. ಆ ದಿನ ಪುರವಣಿ ಹೆಚ್ಚು, ಬಟ್ಟೆ ಅಂಗಡಿ ಮತ್ತು ಕೋಚಿಂಗ್ ಸೆಂಟರುಗಳ ಕರಪತ್ರವೂ ಹೆಚ್ಚು. ಕರಪತ್ರ ಸೇರಿಸಲು ಸಾವಿರಕ್ಕೆ ಇಷ್ಟು ಎಂದು ಏಜೆಂಟರಿಗೆ ದುಡ್ಡು ಸಿಗುತ್ತದೆ, ಎಷ್ಟೋ ಲೈನುಗಳು ನಿಂತಿರುವುದೇ ಅದರ ಮೇಲೆ. ಭಾನುವಾರದ ಪುರವಣಿ ಪದೇ ಪದೇ ಕಾಣೆಯಾದರೆ ಮಾತ್ರ ಗಟ್ಟಿಯಾಗಿ ಕೇಳಿ. ಪುರವಣಿ ಕಡಿಮೆ ಬಂದಿತ್ತು ಎಂಬ ಉತ್ತರ ಕೆಲವೊಮ್ಮೆ ನಿಜ. ಪ್ರತಿ ವಾರವೂ ನಿಜವಾಗಲು ಸಾಧ್ಯವಿಲ್ಲ.

ಆರು ರೂಪಾಯಿಯ ಪೇಪರಿನ ಲೆಕ್ಕ ಹಾಕಿ ನೋಡಿ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸುದ್ದಿ ಕಾಗದ ಚದರ ಮೀಟರಿಗೆ ಸುಮಾರು 45 ಗ್ರಾಂ ತೂಗುತ್ತದೆ. ದೊಡ್ಡ ಅಳತೆಯ ಒಂದು ಹಾಳೆ, ಅಂದರೆ ಎರಡು ಪುಟ, 8 ಗ್ರಾಂ ಚಿಲ್ಲರೆ. 16 ಪುಟದ ಸಂಚಿಕೆ ಸುಮಾರು 65 ಗ್ರಾಂ. ಕಾಗದ ಕಿಲೋಗೆ 50 ರೂಪಾಯಿ ಎಂದು ಹಿಡಿದರೆ ಬರೀ ಕಾಗದಕ್ಕೇ 3 ರೂಪಾಯಿ 25 ಪೈಸೆ ಆಯಿತು. ಏಜೆಂಟರ ಕಮಿಷನ್ ಶೇ 30 ಎಂದುಕೊಂಡರೆ 1 ರೂಪಾಯಿ 80 ಪೈಸೆ. ಉಳಿದದ್ದು 95 ಪೈಸೆ. ಅದರಲ್ಲಿ ಶಾಯಿ, ಪ್ಲೇಟು, ಕರೆಂಟು, ವ್ಯಾನಿನ ಡೀಸೆಲ್, ವರದಿಗಾರರ ಸಂಬಳ ಎಲ್ಲ ಆಗಬೇಕು. ಆಗುವುದಿಲ್ಲ. ನೀವು ಕೊಡುವ ದುಡ್ಡು ಕಾಗದವನ್ನು ಮನೆ ಬಾಗಿಲಿಗೆ ತರಿಸುತ್ತದೆ, ಅದರ ಮೇಲಿನ ಅಕ್ಷರಕ್ಕೆ ದುಡ್ಡು ಕೊಡುವುದು ಜಾಹೀರಾತು. ಆಮದು ಕಾಗದ ತುಟ್ಟಿಯಾದ ವರ್ಷ ಪುಟ ಇಳಿಯುವುದು, ಪುರವಣಿ ತೆಳ್ಳಗಾಗುವುದು, ಬೆಲೆ ಮಾತ್ರ ಮೆಲ್ಲಗೆ ಏರುವುದು ಇದೇ ಲೆಕ್ಕದಿಂದ. ಬೆಲೆ ಏಕಾಏಕಿ ಏರಿಸಿದರೆ ಪ್ರಸಾರ ಕುಸಿದು ಜಾಹೀರಾತಿನ ದರವೂ ಬೀಳುತ್ತದೆ.

ಏಜೆಂಟರಿಗೆ ಸಿಗುವ ಆ 1 ರೂಪಾಯಿ 80 ಪೈಸೆಯಲ್ಲಿ ಹುಡುಗನ ಸಂಬಳ, ಸೈಕಲ್ ಅಥವಾ ಬೈಕಿನ ಖರ್ಚು, ಉಳಿದ ಪ್ರತಿಗಳ ನಷ್ಟ ಸೇರಿವೆ. ಮಾರಾಟವಾಗದ ಪ್ರತಿಯನ್ನು ಕಂಪನಿ ವಾಪಸ್ ತಗೊಳ್ಳುವುದು ಕಡಿಮೆ, ಮುಂಗಡ ಠೇವಣಿಯನ್ನೂ ಕಟ್ಟಿಸಿಕೊಂಡಿರುತ್ತದೆ. ಮೂರನೇ ಮಹಡಿಯ ಒಂಟಿ ಗಿರಾಕಿಗಾಗಿ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಒಂದೇ ಕಟ್ಟಡದಲ್ಲಿ ನಾಲ್ಕು ಮನೆಯವರು ಸೇರಿ ಒಬ್ಬರೇ ಏಜೆಂಟರ ಬಳಿ ಹಾಕಿಸಿಕೊಂಡರೆ ಹೊತ್ತು ಸರಿಹೋಗುತ್ತದೆ, ಇದು ನೂರಕ್ಕೆ ನೂರು ಕೆಲಸ ಮಾಡುವ ಉಪಾಯ. ತಿಂಗಳ ಬಿಲ್ಲಿನಲ್ಲಿ ಮುಖಬೆಲೆಯ ಮೇಲೆ ಸರ್ವಿಸ್ ಚಾರ್ಜ್ ಎಂದು ಸ್ವಲ್ಪ ಸೇರಿಸುತ್ತಾರೆ, ಅದನ್ನು ಕೊಡಿ, ಚೌಕಾಸಿ ಮಾಡುವ ಜಾಗ ಅದಲ್ಲ. ನೋಡಬೇಕಾದ್ದು ಬೇರೆ. ಯುಗಾದಿ, ಆಯುಧಪೂಜೆ, ದೀಪಾವಳಿಯಂಥ ಹಬ್ಬಗಳಿಗೆ ಕಚೇರಿಗೆ ರಜೆ ಇದ್ದರೆ ಮರುದಿನ ಸಂಚಿಕೆಯೇ ಇರುವುದಿಲ್ಲ, ಆ ದಿನಗಳನ್ನು ಕಳೆದಿದ್ದಾರೆಯೇ? ವಾರಾಂತ್ಯದ ಬೆಲೆ ಬೇರೆ ಇದ್ದರೆ ಅದು ಆ ತಿಂಗಳಲ್ಲಿ ನಾಲ್ಕು ದಿನಕ್ಕೋ, ಐದು ದಿನಕ್ಕೋ? ಪೇಪರಿಗೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಆ ಸಾಲು ಕಂಡರೆ ತಪ್ಪು.

ವಾರ್ಷಿಕ ಚಂದಾ ಯೋಜನೆ ಅಗ್ಗ ಹೌದು. ಆದರೆ ದುಡ್ಡು ಕಂಪನಿಗೆ ಹೋಗಿ, ಕೂಪನ್ ಮೂಲಕ ಏಜೆಂಟರ ಖಾತೆಗೆ ಆಮೇಲೆ ಹೊಂದಾಣಿಕೆಯಾಗುವ ಪದ್ಧತಿ ಇದ್ದಲ್ಲಿ ಏಜೆಂಟರಿಗೆ ನಗದು ತಡವಾಗಿ ಸಿಗುತ್ತದೆ. ನಡುವೆ ಏಜೆನ್ಸಿ ಕೈ ಬದಲಾದರೆ ಹೊಸಬರು ‘ಹಳೇ ಕೂಪನ್ ನಮಗೆ ಬಂದಿಲ್ಲ ಸಾರ್’ ಅನ್ನುತ್ತಾರೆ, ಹಳಬರು ಫೋನ್ ಎತ್ತುವುದಿಲ್ಲ. ಸದಾ ಮನೆಯಲ್ಲಿರುವವರು, ಏಜೆಂಟರ ಮುಖ ಪರಿಚಯ ಇರುವವರು ಮಾತ್ರ ವಾರ್ಷಿಕ ಚಂದಾ ಮಾಡಿಸಿ. ಉಳಿದವರಿಗೆ ತಿಂಗಳ ಲೆಕ್ಕವೇ ಸರಿ. ರಸೀದಿಯ ಮೇಲೆ ಏಜೆಂಟರ ಹೆಸರು, ಆರಂಭದ ದಿನಾಂಕ ಬರೆಸಿಕೊಳ್ಳುವುದನ್ನು ಬಿಡಬೇಡಿ.

ಯಾರ ಪೇಪರ್ ಯಾವುದು? ಪ್ರಜಾವಾಣಿ 1948ರಿಂದ ದಿ ಪ್ರಿಂಟರ್ಸ್ (ಮೈಸೂರು) ಸಂಸ್ಥೆಯದು. ಸಂಯುಕ್ತ ಕರ್ನಾಟಕ ಲೋಕಶಿಕ್ಷಣ ಟ್ರಸ್ಟ್‌ನದು, ಖಾಸಗಿ ಕಂಪನಿಯಲ್ಲ. ಉದಯವಾಣಿ ಮಣಿಪಾಲದ್ದು. ಲಾರಿ ಸಾಗಣೆಯಿಂದ ಬಂದ ವಿಜಯ ಸಂಕೇಶ್ವರ 1999ರಲ್ಲಿ ವಿಜಯ ಕರ್ನಾಟಕ ಶುರು ಮಾಡಿದರು, ಅದು 2006ರಲ್ಲಿ ಟೈಮ್ಸ್ ಸಮೂಹಕ್ಕೆ ಹೋಯಿತು. 2012ರಲ್ಲಿ ಸಂಕೇಶ್ವರರದೇ ವಿಆರ್‌ಎಲ್ ಸಮೂಹದಿಂದ ವಿಜಯವಾಣಿ ಬಂತು. ರಾತ್ರಿ ಹೊತ್ತು ಊರೂರಿಗೆ ಗಾಡಿ ಓಡಿಸಿ ಗೊತ್ತಿದ್ದವರು ಪೇಪರ್ ಮಾಡಿದರೆ ಜಿಲ್ಲಾ ಆವೃತ್ತಿಗಳಿಗೆ ಒತ್ತು ಬೀಳುವುದು ಸಹಜ. ಯಾವ ಪತ್ರಿಕೆಯ ಒಡೆತನವನ್ನೇ ಆಗಲಿ ಪರೀಕ್ಷಿಸಲು ಹಳೆಯ ದಾರಿ ಒಂದಿದೆ: ಫೆಬ್ರವರಿ ಮುಗಿದ ಮೇಲಿನ ಸಂಚಿಕೆಯಲ್ಲಿ ಬರುವ ‘ನಮೂನೆ 4’ರ ಹೇಳಿಕೆ. ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರನ್ನು ಅದರಲ್ಲಿ ಹಾಕಬೇಕೆಂದು 1956ರ ನಿಯಮಗಳು ಹೇಳಿದ್ದವು. ರದ್ದಿಗೆ ಹಾಕುವ ಮೊದಲು ಮಾರ್ಚ್ ತಿಂಗಳ ಕಟ್ಟಿನಲ್ಲಿ ಹುಡುಕಿ.

ರಾಜ್ಯಮಟ್ಟದ ಪತ್ರಿಕೆ ಯಾವುದೇ ಇರಲಿ, ದಾವಣಗೆರೆಯ ಮನೆಗೆ ಒಂದು ಸ್ಥಳೀಯ ಪತ್ರಿಕೆ ಬೇಕು, ಇದು ನಮ್ಮ ಖಚಿತ ಅಭಿಪ್ರಾಯ. ನಿಧನ ವಾರ್ತೆ, ಶಿವಗಣಾರಾಧನೆಯ ಆಹ್ವಾನ, ಮಂಡಿಪೇಟೆಯ ವ್ಯಾಪಾರಿ ಸಂಘದ ಪ್ರಕಟಣೆ, ವಾರ್ಡಿನಲ್ಲಿ ನೀರು ಬಿಡುವ ದಿನ ಇವಕ್ಕೆಲ್ಲ ಜನತಾವಾಣಿಯಂಥ ಊರಿನ ಪತ್ರಿಕೆಯನ್ನೇ ಜನ ತಿರುವಿಹಾಕುತ್ತಾರೆ. ಜಾಹೀರಾತು ಕೊಡುವವರಿಗೂ ಹಾಗೆಯೇ. ಶ್ರದ್ಧಾಂಜಲಿಯನ್ನು ಇಡೀ ರಾಜ್ಯದ ಆವೃತ್ತಿಗೆ ಹಾಕಿ ದುಡ್ಡು ಸುರಿಯುವ ಬದಲು ಊರಿನ ಪತ್ರಿಕೆಯಲ್ಲಿ ದೊಡ್ಡದಾಗಿ ಹಾಕಿದರೆ ನೆಂಟರಿಷ್ಟರಿಗೆ ತಲುಪುತ್ತದೆ. ಹೆಸರು ಬದಲಾವಣೆ, ದಾಖಲೆ ಕಳೆದುಹೋದ ಪ್ರಕಟಣೆಗಳ ವಿಷಯ ಬೇರೆ. ಯಾವ ಬಗೆಯ ಪತ್ರಿಕೆ ಆಗುತ್ತದೆ ಎಂದು ಅರ್ಜಿ ಹಾಕುವ ಕಚೇರಿಯಲ್ಲಿ ಕೇಳಿಕೊಂಡೇ ದುಡ್ಡು ಕಟ್ಟಿ, ಪ್ರಕಟವಾದ ದಿನ ಐದಾರು ಪ್ರತಿ ತೆಗೆದಿಡಿ.

ಚಿಕ್ಕ ಪತ್ರಿಕೆಗಳನ್ನು ಬದುಕಿಸಿರುವುದು ಬಹುಪಾಲು ಸರ್ಕಾರಿ ಜಾಹೀರಾತು: ಟೆಂಡರ್, ಹರಾಜು, ಇಲಾಖೆಗಳ ಪ್ರಕಟಣೆ. ಕೇಂದ್ರದ್ದು ಕೇಂದ್ರ ಸಂವಹನ ಬ್ಯೂರೊ (ಸಿಬಿಸಿ) ಮೂಲಕ, ರಾಜ್ಯದ್ದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮೂಲಕ ಬರುತ್ತದೆ. ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದರೆ ಚಿಕ್ಕವರ ಕತೆ ಮುಗಿದಂತೆ. ಓದುವಾಗ ಗಮನಿಸಬೇಕಾದ ಇನ್ನೊಂದು ಸಂಗತಿ ವಿಶೇಷ ಪುರವಣಿಗಳು. ನಾಯಕರ ಹುಟ್ಟುಹಬ್ಬಕ್ಕೆ, ಆಸ್ಪತ್ರೆಯ ಉದ್ಘಾಟನೆಗೆ ಬರುವ ನಾಲ್ಕು ಪುಟದ ಮೇಲ್ತುದಿಯಲ್ಲಿ ‘ಜಾಹೀರಾತು’ ಎಂಬ ಪದ ಇದೆಯೇ ನೋಡಿ. ಚುನಾವಣೆ ಹೊತ್ತಿನಲ್ಲಿ ಕಾಸಿಗಾಗಿ ಸುದ್ದಿ ಎಂಬ ಅನುಮಾನ ಬಂದರೆ ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗೆ ದೂರು ಕೊಡಬಹುದು, ಕಟಿಂಗ್ ಜೊತೆಗಿರಲಿ.

ಇನ್ನು ಟಿವಿ. ಕೇಬಲ್ ಬಿಲ್ಲಿನ ಒಳಗನ್ನು ಒಮ್ಮೆ ಬಿಡಿಸಿದರೆ ಆಪರೇಟರ್ ಏಕೆ ಹಾಗೆ ನಡೆದುಕೊಳ್ಳುತ್ತಾರೆ ಎಂಬುದು ಗೊತ್ತಾಗುತ್ತದೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಂದ ದರ ಪದ್ಧತಿಯಲ್ಲಿ ನೆಟ್‌ವರ್ಕ್ ಶುಲ್ಕ, ಅಂದರೆ ಚಾನೆಲ್ ದರ ಬಿಟ್ಟು ಸಂಪರ್ಕಕ್ಕೇ ಕೊಡುವ ತಿಂಗಳ ಮೊತ್ತ, 130 ರೂಪಾಯಿ ಮೀರಬಾರದಿತ್ತು, ಶೇ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಮೊದಲು 100 ಚಾನೆಲ್‌ಗೆ ಇದ್ದದ್ದು 2020ರಲ್ಲಿ 200 ಆಯಿತು. 2024ರ ಜುಲೈಯಲ್ಲಿ ಈ ಮಿತಿಯನ್ನೇ ಟ್ರಾಯ್ ತೆಗೆದುಹಾಕಿತು, ಈಗ ಕಂಪನಿಗಳು ತಾವೇ ದರ ಗೊತ್ತುಮಾಡಬಹುದು. ಹಳೆಯ 130ನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಬೇರೆ ಒಪ್ಪಂದ ಇಲ್ಲದಿದ್ದರೆ ದೊಡ್ಡ ಕೇಬಲ್ ಕಂಪನಿಗೆ ಶೇ 55, ಓಣಿಯ ಆಪರೇಟರಿಗೆ ಶೇ 45. ಅಂದರೆ ಕಂಬ ಹತ್ತುವವರಿಗೆ 58 ರೂಪಾಯಿ 50 ಪೈಸೆ. 19 ರೂಪಾಯಿಯ ಚಾನೆಲ್ ತಗೊಂಡರೆ ವಿತರಣೆಗೆ ಶೇ 20, ಅಂದರೆ 3 ರೂಪಾಯಿ 80 ಪೈಸೆ, ಅದನ್ನೂ ಹಾಗೇ ಹಂಚಿದರೆ ಆಪರೇಟರಿಗೆ 1 ರೂಪಾಯಿ 71 ಪೈಸೆ. ಉಳಿದ 15 ರೂಪಾಯಿ 20 ಪೈಸೆ ಚಾನೆಲ್ಲಿನವರಿಗೆ. ‘ಅಣ್ಣ, ಎರಡು ದಿನದಿಂದ ಬರ್ತಿಲ್ಲ’ ಎಂದಾಗ ‘ಹುಡುಗನ್ನ ಕಳಿಸ್ತೀನಿ’ ಎಂದವರು ಹತ್ತು ಮನೆಯ ದೂರು ಒಟ್ಟಾಗುವ ತನಕ ಕಾಯುವುದು ಈ ಚಿಲ್ಲರೆಯಿಂದಲೇ.

ಬಿಲ್ಲು ಇಳಿಸಬೇಕಾದರೆ ಪ್ಯಾಕ್ ಒಡೆಯಿರಿ. ಕಂಪನಿ ಕೊಡುವ ‘ಕನ್ನಡ ಫ್ಯಾಮಿಲಿ’ ಮಾದರಿಯ ಪ್ಯಾಕಿನಲ್ಲಿ ಯಾರೂ ನೋಡದ ಚಾನೆಲ್ ಹೇರಳ. ನಿಮ್ಮ ಮನೆಯಲ್ಲಿ ವಾರಕ್ಕೆ ಒಮ್ಮೆಯಾದರೂ ಹಚ್ಚುವ ಚಾನೆಲ್ ಯಾವುವು ಎಂದು ಪಟ್ಟಿ ಮಾಡಿ, ಎಂಟು ಹತ್ತಕ್ಕಿಂತ ಹೆಚ್ಚು ಬರುವುದಿಲ್ಲ. ಬಿಡಿ ದರ ಕೂಡಿಸಿ, ಪ್ಯಾಕಿನ ದರದ ಜೊತೆ ಹೋಲಿಸಿ. ಆದರೆ ಒಂದೇ ಒಡೆಯರ ಮೂರು ಚಾನೆಲ್ ಬೇಕೆಂದರೆ ಬಿಡಿಗಿಂತ ಅವರದೇ ಗೊಂಚಲು ಅಗ್ಗ. ಗೊಂಚಲಿಗೆ ಶೇ 45ರವರೆಗೆ ರಿಯಾಯಿತಿ ಕೊಡಲು ಅವಕಾಶ ಇರುವುದು ಗಿರಾಕಿಯನ್ನು ಅತ್ತ ತಳ್ಳಲಿಕ್ಕೇ. ಎರಡನೇ ಟಿವಿ ಇದ್ದರೆ ಅದರ ನೆಟ್‌ವರ್ಕ್ ಶುಲ್ಕ ಎಷ್ಟು ಎಂದು ಬಾಯಿಬಿಟ್ಟು ಕೇಳಿ, ತಾವಾಗಿ ಕಡಿಮೆ ಮಾಡುವವರು ಅಪರೂಪ.

ಬಹುಪಾಲು ಕನ್ನಡ ಸುದ್ದಿವಾಹಿನಿಗಳು ಉಚಿತ. ಉಚಿತ ಎಂದರೆ ಅವರು ನಿಮ್ಮಿಂದ ತಗೊಳ್ಳುವುದಿಲ್ಲ, ಜಾಹೀರಾತಿನಿಂದ ತಗೊಂಡು ಕೇಬಲ್‌ನವರಿಗೂ ಕೊಡುತ್ತಾರೆ. ಬಾಕ್ಸ್ ಆನ್ ಮಾಡಿದ ಕೂಡಲೇ ನೀವು ಒತ್ತದಿದ್ದರೂ ಒಂದು ಚಾನೆಲ್ ಬಂದು ನಿಲ್ಲುತ್ತದಲ್ಲ, ಆ ಜಾಗವೂ ಮಾರಾಟದ್ದು. ಅದನ್ನು ನಿಲ್ಲಿಸಲು ಟ್ರಾಯ್ ಹೊರಡಿಸಿದ ಆದೇಶ ನ್ಯಾಯಮಂಡಳಿಯಲ್ಲಿ ಉಳಿಯಲಿಲ್ಲ. ಟಿಆರ್‌ಪಿ ಅಳೆಯುವ ಬಾರ್ಕ್ 2020ರ ಅಕ್ಟೋಬರಿನಲ್ಲಿ ನಕಲಿ ರೇಟಿಂಗ್ ಗಲಾಟೆಯ ನಂತರ ಸುದ್ದಿವಾಹಿನಿಗಳ ಅಂಕಿ ನಿಲ್ಲಿಸಿ 2022ರ ಮಾರ್ಚಿನಲ್ಲಿ ಮತ್ತೆ ಕೊಡತೊಡಗಿತು. ಆ ಒಂದೂವರೆ ವರ್ಷ ವಾರದ ಅಂಕಿಯಿಲ್ಲದೆಯೂ ಕೂಗಾಟ ಕಡಿಮೆಯಾಗಲಿಲ್ಲ ಎಂಬುದು ನೋಡಿದವರಿಗೆ ಗೊತ್ತು. ನಿಯಮದ ಪ್ರಕಾರ ಗಂಟೆಗೆ ಜಾಹೀರಾತು 12 ನಿಮಿಷ. ರಾತ್ರಿ ಒಂಬತ್ತರಿಂದ ಹತ್ತರ ನಡುವೆ ಗಡಿಯಾರ ಹಿಡಿದು ಎಣಿಸಿ ನೋಡಿ.

ಒಡೆತನದ ಚಿತ್ರ ಟಿವಿಯಲ್ಲಿ ಬೇಗ ಬೇಗ ಬದಲಾಗುತ್ತದೆ. 1994ರ ಉದಯ ಟಿವಿ ಸನ್ ಸಮೂಹದ್ದು, ಸನ್ ಡೈರೆಕ್ಟ್ ಡಿಶ್ ಕೂಡ ಅದೇ ಮಾರನ್ ಕುಟುಂಬದ್ದು. ರಾಮೋಜಿಯವರ ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ವ್ಯವಹಾರ ಒಂದಾದ ಮೇಲೆ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಜಿಯೋಸ್ಟಾರ್ ಮನೆಯವು. ಹಾಥ್‌ವೇ, ಡೆನ್ ಕೇಬಲ್ ಕಂಪನಿಗಳಲ್ಲೂ ರಿಲಯನ್ಸಿನದೇ ದೊಡ್ಡ ಪಾಲು. ಎದುರಾಳಿಗಳಾಗಿದ್ದ ಎರಡು ಧಾರಾವಾಹಿ ವಾಹಿನಿ ಒಂದೇ ಬಿಲ್ಲಿಗೆ ಬಂದಾಗ ಗೊಂಚಲಿನ ಬೆಲೆಯ ಮೇಲೆ ಕಣ್ಣಿಡಬೇಕು. ಟಿವಿ9ರ ಮಾತೃಸಂಸ್ಥೆಯ ಹೆಚ್ಚಿನ ಪಾಲು 2018ರಲ್ಲಿ ಹೈದರಾಬಾದಿನ ಉದ್ಯಮಿಗಳ ಅಲಂದಾ ಮೀಡಿಯಾಕ್ಕೆ ಹೋಯಿತು. ಸುವರ್ಣ ನ್ಯೂಸ್ ಹಿಂದಿನ ಬಂಡವಾಳ ಮಾಜಿ ಕೇಂದ್ರ ಸಚಿವ ರಾಜೀವ್ ಚಂದ್ರಶೇಖರ್ ಕಟ್ಟಿದ ಜುಪಿಟರ್ ಕ್ಯಾಪಿಟಲ್‌ನದು. ಪಬ್ಲಿಕ್ ಟಿವಿ ಪತ್ರಕರ್ತ ಎಚ್.ಆರ್. ರಂಗನಾಥ್ 2012ರಲ್ಲಿ ತೆರೆದದ್ದು. ಸುದ್ದಿ ನೋಡುವಾಗ ಇಷ್ಟು ತಲೆಯಲ್ಲಿದ್ದರೆ ಸಾಕು.

ಕೇಬಲ್ಲಿನ ಗುಣಕ್ಕೆ ಬರೋಣ. ಎಲ್ಲ ಚಾನೆಲ್ ಹೋದರೆ ದೋಷ ಸಾಮಾನ್ಯವಾಗಿ ಲೈನಿನಲ್ಲಿ. ಕೆಲವೇ ಚಾನೆಲ್ ಚೌಕಚೌಕವಾಗಿ ಒಡೆಯುತ್ತಿದ್ದರೆ ಬಹುತೇಕ ನಿಮ್ಮ ಮನೆಯ ಬಳಿಯೇ. ಸಿಗ್ನಲ್ಲಿನ ಬಲವನ್ನು ಡೆಸಿಬೆಲ್‌ನಲ್ಲಿ (ಡಿಬಿ) ಅಳೆಯುತ್ತಾರೆ, ಬಾಕ್ಸಿಗೆ ಬರುವುದು 60 ಡಿಬಿ ಮೈಕ್ರೊವೋಲ್ಟ್ ಆಸುಪಾಸು ಇದ್ದರೆ ಚೆನ್ನ. ಎರಡು ಕವಲಿನ ಸ್ಪ್ಲಿಟರ್ 3.5ರಿಂದ 4 ಡಿಬಿ ನುಂಗುತ್ತದೆ, ನಾಲ್ಕು ಕವಲಿನದು 7-8. ಆರ್‌ಜಿ-6 ವೈರು 30 ಮೀಟರ್ ಎಳೆದರೆ ಮೇಲಿನ ಆವರ್ತನಗಳಲ್ಲಿ ಮತ್ತೆ ಐದಾರು ಡಿಬಿ ಹೋಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮಹಡಿಯ ಮೇಲೆ ಬಿದ್ದ ವೈರಿನ ಹೊದಿಕೆ ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಗೆ ನೀರು ಒಳಗಿಳಿದು ತಾಮ್ರ ಹಸಿರು ಹಿಡಿಯುತ್ತದೆ. ಹುಡುಗ ಬಂದಾಗ ವೈರನ್ನು ಹೆಣೆದು ಟೇಪು ಸುತ್ತಿ ಹೋಗಲು ಬಿಡಬೇಡಿ. ತುದಿ ಕತ್ತರಿಸಿ ಹೊಸ ಎಫ್ ಕನೆಕ್ಟರ್ ಒತ್ತಿಸಿ, ಮಳೆ ತಾಗುವ ಕಡೆ ಒಂದು ಕುಣಿಕೆ ಇಳಿಬಿಡಿಸಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಕರೆಂಟ್ ಹೋದಾಗ ಮನೆಯಲ್ಲಿ ಯುಪಿಎಸ್ ಇದ್ದರೂ ಕೇಬಲ್ ಬರುವುದಿಲ್ಲ ಎಂಬ ದೂರು ಸಾಮಾನ್ಯ. ಕಂಬದ ಮೇಲೆ ಸಿಗ್ನಲ್ ಹಂಚುವ ಪೆಟ್ಟಿಗೆಗೂ (ನೋಡ್), ಅದನ್ನು ಬಲಪಡಿಸುವ ಆಂಪ್ಲಿಫೈಯರಿಗೂ ಕರೆಂಟ್ ಬೇಕಲ್ಲ. ಅಲ್ಲಿ ಬ್ಯಾಟರಿ ಇಟ್ಟಿದ್ದೀರಾ ಎಂದು ಆಪರೇಟರನ್ನು ಕೇಳುವುದು ಸೇರುವ ಮೊದಲ ಪ್ರಶ್ನೆಯಾಗಬೇಕು. ಮನೆಯವರೆಗೂ ಫೈಬರ್ ಎಳೆದಿರುವ ಕಡೆ ಈ ತೊಂದರೆ ಕಡಿಮೆ. ಕೇಬಲ್ಲಿನ ದೊಡ್ಡ ಆಕರ್ಷಣೆ ಊರಿನ ಸ್ಥಳೀಯ ವಾಹಿನಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಚಿತ್ರದುರ್ಗದ ಕಡೆ ನಾಯಕನಹಟ್ಟಿ ತೇರು ಇವನ್ನು ಡಿಶ್‌ನಲ್ಲಿ ಗಂಟೆಗಟ್ಟಲೆ ಯಾರು ತೋರಿಸುತ್ತಾರೆ?

ಡಿಶ್ ಹಾಕಿಸುವವರು ಮೊದಲು ಮಹಡಿಗೆ ಹೋಗಿ ದಿಕ್ಕು ನೋಡಿ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವದಲ್ಲಿದೆ. ದಾವಣಗೆರೆಯಿಂದ ಅದು ದಕ್ಷಿಣದಿಂದ ತುಸು ಪೂರ್ವಕ್ಕೆ, ದಿಗಂತದಿಂದ ಸುಮಾರು 71 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಡಿಡಿ ಫ್ರೀಡಿಶ್‌ನದು 93.5 ಡಿಗ್ರಿ, ಅದು ಆಗ್ನೇಯಕ್ಕೆ ಸುಮಾರು 63 ಡಿಗ್ರಿ. ಇಷ್ಟು ಎತ್ತರ ಇರುವುದರಿಂದ ಪಕ್ಕದ ಮನೆ ಒಂದು ಮಹಡಿ ಏರಿಸಿದರೂ ಅಡ್ಡ ಬರುವುದು ಕಡಿಮೆ, ತಲೆ ಮೇಲಿನ ತೆಂಗಿನ ಗರಿ ಅಡ್ಡ ಬರುತ್ತದೆ. ತಟ್ಟೆ ಮಾತ್ರ ಇಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ, ಅದರ ರಚನೆಯಿಂದಾಗಿ ಸುಮಾರು 25 ಡಿಗ್ರಿ ತಗ್ಗಿದಂತೆ ಕಾಣುತ್ತದೆ. ಅದನ್ನು ಕಂಡು ಕೈಯಾರೆ ಎತ್ತಲು ಹೋಗಬೇಡಿ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆಯ ಆಷಾಢದ ಗಾಳಿ ಸಣ್ಣ ಮೊಳೆಯಲ್ಲಿ ನಿಲ್ಲಿಸಿದ ತಟ್ಟೆಯನ್ನು ಅಲುಗಿಸಿಬಿಡುತ್ತದೆ. ಸಿಮೆಂಟ್ ಪ್ಯಾರಾಪೆಟ್‌ಗೆ ನಾಲ್ಕು ಆಂಕರ್ ಬೋಲ್ಟ್ ಹಾಕಿಸಿ. ಜೋರು ಮಳೆಯಲ್ಲಿ ಹತ್ತು ಹದಿನೈದು ನಿಮಿಷ ಚಿತ್ರ ಹೋಗುವುದು ಡಿಶ್ ಬಳಸುವ ಆವರ್ತನದ ಸ್ವಭಾವ, ಅದಕ್ಕೆ ಮದ್ದಿಲ್ಲ. ಸಣ್ಣ ತುಂತುರಿಗೇ ಹೋದರೆ ತಟ್ಟೆಯ ಗುರಿ ತಪ್ಪಿದೆ ಎಂದರ್ಥ, ಸಿಗ್ನಲ್ ಗುಣಮಟ್ಟ ನೋಡಿಸಿ.

ತಿಂಗಳ ಖರ್ಚೇ ಬೇಡ, ಚಂದನ ಸಾಕು ಎನ್ನುವವರಿಗೆ ಫ್ರೀಡಿಶ್ ಸರಿ. ಬಾಕ್ಸ್, ತಟ್ಟೆಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಕನ್ನಡ ಧಾರಾವಾಹಿ ನೋಡುವ ಮನೆಗೆ ಅದು ಆಗುವುದಿಲ್ಲ, ಖಾಸಗಿ ಕನ್ನಡ ವಾಹಿನಿಗಳು ಅಲ್ಲಿ ತೀರ ಕಡಿಮೆ.

ದೂರಿನ ವಿಷಯ. ಆಪರೇಟರಿಗೆ ಬಾಯಲ್ಲಿ ಹೇಳಿದ್ದು ದೂರಲ್ಲ. ಬಿಲ್ಲಿನ ಮೇಲಿರುವ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದಾಗಿ 72 ಗಂಟೆ ಮೀರಿದರೂ ಸಿಗ್ನಲ್ ಬಾರದಿದ್ದರೆ ಅಷ್ಟು ದಿನದ ಶುಲ್ಕ ಬಿಡಿಸಿಕೊಳ್ಳಬಹುದು. ನಂತರದ ಮೆಟ್ಟಿಲು ಕಂಪನಿಯ ನೋಡಲ್ ಅಧಿಕಾರಿ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡುವುದಿಲ್ಲ. ದಿನಪತ್ರಿಕೆಯ ಬರಹದ ಮೇಲೆ ತಕರಾರಿದ್ದರೆ ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ, ಪ್ರಕಟವಾದ ಎರಡು ತಿಂಗಳೊಳಗೆ ಭಾರತೀಯ ಪತ್ರಿಕಾ ಮಂಡಳಿಗೆ ಕಟಿಂಗ್ ಮತ್ತು ಆ ಪತ್ರದ ನಕಲು ಸೇರಿಸಿ ಕಳುಹಿಸಿ. ವಾಹಿನಿಯ ಕಾರ್ಯಕ್ರಮದ ಮೇಲಾದರೆ ವಾಹಿನಿಯ ದೂರು ಅಧಿಕಾರಿಗೆ ಬರೆಯಿರಿ, 15 ದಿನದಲ್ಲಿ ಉತ್ತರ ಕೊಡಬೇಕೆಂಬ ನಿಯಮ 2021ರಿಂದ ಇದೆ. ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ ಬರೆಯದ ದೂರು ಕಸದ ಬುಟ್ಟಿಗೆ ಹೋಗುತ್ತದೆ.